ಸೋರಿದ್ದು ಸೂರಲ್ಲ: ಮಳೆಗಾಲಕ್ಕೆ ಕ್ಯಾಂಪರ್ ಟ್ರೇಲರ್ ಕಟ್ಟಿದ ಅನುಭವ

ನಾನು ಹನ್ನೊಂದು ವರ್ಷದಿಂದ ಪುಣೆಯಲ್ಲಿದ್ದೀನಿ, ಹಿಂಜವಡಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಊರು ಸಾಗರದ ಹತ್ರ ಒಂದು ಹಳ್ಳಿ. ಎಂಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸಲ್ಲಿ. ವೆಲ್ಡಿಂಗೂ ಗೊತ್ತಿರಲಿಲ್ಲ, ಮರಗೆಲಸವೂ ಗೊತ್ತಿರಲಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಇವತ್ತಿನ ಮಾತಲ್ಲಿ ಅರ್ಧ ಭಾಗ ನನ್ನ ತಪ್ಪುಗಳೇ ಇರ್ತವೆ.

ಕಾರಿನ ಹಿಂದೆ ಕಟ್ಟಿಕೊಂಡು ಹೋಗೋ ಒಂದು ಸಣ್ಣ ಮಲಗೋ ಡಬ್ಬಿ, ಅದೇ ಕ್ಯಾಂಪರ್ ಟ್ರೇಲರ್. ನನ್ನದು ಉದ್ದ 8 ಅಡಿ, ಅಗಲ ನಾಲ್ಕೂವರೆ ಅಡಿ, ಒಳಗಿನ ಎತ್ತರ ಮೂರೂವರೆ ಅಡಿ. ಒಳಗೆ ನಿಲ್ಲೋಕಾಗಲ್ಲ, ಕೂರಬಹುದು, ಮಲಗಬಹುದು. ನಾನು, ಹೆಂಡತಿ, ಐದು ವರ್ಷದ ಮಗಳು, ಮೂರು ಜನಕ್ಕೆ ಸಾಕು. ಅಡುಗೆ ಸಾಮಾನು ಹಿಂದಿನ ಡಿಕ್ಕಿಯಲ್ಲಿ.

ಮಳೆಗಾಲಕ್ಕೇ ಯಾಕೆ ಅಂತ ತುಂಬ ಜನ ಕೇಳಿದ್ದಾರೆ. ಸಹ್ಯಾದ್ರಿ ನೋಡೋ ಹಾಗಿರೋದೇ ಜೂನ್‌ನಿಂದ ಸೆಪ್ಟೆಂಬರ್ ತನಕ. ಅದೇ ನಾಲ್ಕು ತಿಂಗಳು ಟೆಂಟ್ ಹಾಕೋಕಾಗಲ್ಲ. ಇನ್ನೊಂದು ಕಾರಣ ಇದೆ. ಅಮ್ಮ ಹೋದ ಮೇಲೆ ಊರಲ್ಲಿ ಅಪ್ಪ ಒಬ್ಬರೇ. ಮಳೆಗಾಲದಲ್ಲಿ ನಾವು ಊರಿಗೆ ಹೋಗೋದೇ ನಿಂತು ಹೋಗಿತ್ತು. ಸುಮಾರು ಆರುನೂರು ಕಿಲೋಮೀಟರ್ ದಾರಿ, ಮಗು, ಮಳೆ, ನಡುವೆ ಒದ್ದೆ ವಾಸನೆಯ ಲಾಡ್ಜು. ನಮ್ಮದೇ ಒಣಗಿದ ಹಾಸಿಗೆ ಹಿಂದೆ ಇದ್ರೆ ಎಲ್ಲಿ ಬೇಕಾದ್ರೂ ನಿಲ್ಲಬಹುದು ಅಂತ ನನ್ನ ಲೆಕ್ಕ.

ಮೊದಲು ಕಾಗದದ ವಿಷಯ. ನಮ್ಮ ಮೋಟಾರು ವಾಹನ ಕಾಯ್ದೆ, 1988ರದ್ದು, ಅದರ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ. ಇಂಜಿನ್ ಇಲ್ಲದಿದ್ರೂ ನೋಂದಣಿ ಬೇಕು. ಅದೇ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರೋದಕ್ಕೆ ಹೊಂದದ ಹಾಗೆ ವಾಹನವನ್ನ ಮನಸ್ಸಿಗೆ ಬಂದಂತೆ ಬದಲಾಯಿಸೋ ಹಾಗಿಲ್ಲ. ಹಾಗಾಗಿ ನಾನು ಚಾಸಿಯನ್ನ ಟ್ರೇಲರ್ ತಯಾರಕರಿಂದ ಕೊಂಡೆ, ಮೇಲಿನ ಡಬ್ಬಿ ನಾನು ಕಟ್ಟಿದೆ. ಗರಗಸ ಮುಟ್ಟೋಕೆ ಮುಂಚೆ ಡ್ರಾಯಿಂಗ್ ತಗೊಂಡು ನಿಮ್ಮ ಆರ್‌ಟಿಒಗೆ ಹೋಗಿ ಕೇಳಿ. ನನಗೆ ಡಬ್ಬಿ ಕಟ್ಟೋಕೆ ಐದು ತಿಂಗಳು ಹಿಡೀತು, ಕಾಗದಕ್ಕೆ ಏಳು ತಿಂಗಳು.

ಈಗ ಕಟ್ಟಿದ ಬಗೆ. ಗೋಡೆಯ ಚೌಕಟ್ಟು ಒಂದಿಂಚಿನ ಕಬ್ಬಿಣದ ಚೌಕ ಪೈಪು. ಅದರ ನಡುವೆ 25 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ ಫೋಮು, ಹೊರಗೆ ಅಲ್ಯೂಮಿನಿಯಂ ಶೀಟು, ಒಳಗೆ ತೆಳು ಪ್ಲೈವುಡ್. ನೆಲಕ್ಕೆ ಮಾತ್ರ 12 ಮಿಲಿಮೀಟರ್ ಮರೀನ್ ಪ್ಲೈ. ಅಂಗಡಿಯವರು ಎಲ್ಲದಕ್ಕೂ "ವಾಟರ್‌ಪ್ರೂಫ್ ಸರ್" ಅಂತಾರೆ. ನೀವು ಹಾಳೆಯ ಮೇಲಿನ ಐಎಸ್ 710 ಮುದ್ರೆ ನೋಡಿ, ಅದು ಮರೀನ್ ಪ್ಲೈ. ಐಎಸ್ 303 ಅಂದ್ರೆ ಸಾಮಾನ್ಯ ಬಳಕೆಯದ್ದು. ಮರೀನ್ ಪ್ಲೈ ಆದ್ರೂ ನೀರು ಕುಡಿಯೋದು ಕತ್ತರಿಸಿದ ಅಂಚಿನಲ್ಲಿ. ಅಂಚಿಗೆಲ್ಲ ಎಪಾಕ್ಸಿ ಎರಡು ಸಲ ಬಳಿಯಿರಿ, ಸ್ಕ್ರೂ ತೂತಿನ ಒಳಗೂ ಬಿಡಿ.

ಚೌಕ ಪೈಪಿನ ಒಳಗೆ ನೀರು ಹೇಗಾದ್ರೂ ಸೇರುತ್ತೆ. ಅದನ್ನ ಪೂರ್ತಿ ಮುಚ್ಚೋಕೆ ಹೋಗಬೇಡಿ, ತೀರಾ ಕೆಳಗಿನ ಜಾಗದಲ್ಲಿ ಒಂದು ಸಣ್ಣ ತೂತು ಹೊಡೆದು ಬಿಡಿ. ನೀರು ಒಳಗೇ ನಿಂತ್ರೆ ಪೈಪು ಒಳಗಿಂದ ತುಕ್ಕು ಹಿಡಿಯುತ್ತೆ, ಹೊರಗೆ ಬಣ್ಣ ಮಾತ್ರ ಚೆನ್ನಾಗಿ ಕಾಣ್ತಿರುತ್ತೆ.

ಮಾಡಿಗೆ ಶೀಟುಗಳನ್ನ ಅಡ್ಡ ಹಾಕಿದೆ, ಎರಡು ಕಡೆ ಜೋಡಣೆ ಬಂತು. ಮುಂದಿನ ಶೀಟು ಹಿಂದಿನದರ ಮೇಲೆ ಕೂರಬೇಕು. ಓಡೋವಾಗ ಗಾಳಿ ನೀರನ್ನ ಹಿಂದಕ್ಕೇ ತಳ್ಳುತ್ತೆ, ತಿರುವು ಮುರುವು ಹಾಕಿದ್ರೆ ಸೀದಾ ಜೋಡಣೆಯ ಒಳಗೆ ನುಗ್ಗುತ್ತೆ. ಹಂಚು ಹೊದಿಸೋರಿಗೆ ಇದು ಹುಟ್ಟಿನಿಂದ ಗೊತ್ತು, ನಾನು ಮೂರು ವಿಡಿಯೋ ನೋಡಿ ಕಲಿತೆ. ಜೋಡಣೆಯ ನಡುವೆ ಬ್ಯುಟೈಲ್ ಟೇಪು, ಅಂಚಿಗೆ ಪಾಲಿಯುರೆಥೇನ್ ಸೀಲೆಂಟು. ಬಚ್ಚಲುಮನೆಗೆ ಹಾಕೋ ಸಿಲಿಕೋನ್ ಬೇಡ. ವಿನೆಗರ್ ವಾಸನೆ ಬರೋ ಜಾತಿಯದ್ದು ಲೋಹವನ್ನ ತಿನ್ನುತ್ತೆ, ಆಮೇಲೆ ಅದರ ಮೇಲೆ ಬಣ್ಣವೂ ಹಿಡಿಯಲ್ಲ, ಬೇರೆ ಅಂಟೂ ಹಿಡಿಯಲ್ಲ.

ಬಾಗಿಲ ಮೇಲೆ ಒಂದು ಸಣ್ಣ ತುಟಿ ಇದೆ ನೋಡಿ, ಈ ಫೋಟೋದಲ್ಲಿ. ಅದರ ತಳದಲ್ಲಿ ಒಂದು ಗೀರು. ನೀರು ತಳಕ್ಕೆ ಅಂಟಿಕೊಂಡು ಒಳಗೆ ಹರಿದು ಬರುತ್ತೆ, ಗೀರು ಸಿಕ್ಕಿದ್ರೆ ಅಲ್ಲೇ ಹನಿಯಾಗಿ ಬೀಳುತ್ತೆ. ಮನೆಯ ಸಜ್ಜಾದ ತಳದಲ್ಲಿ ಮೇಸ್ತ್ರಿಗಳು ಬಿಡ್ತಾರಲ್ಲ, ಅದೇ. ವಯರಿಗೂ ಇದೇ ನಿಯಮ. ಒಳಗೆ ಹೋಗೋ ಮುಂಚೆ ಕೆಳಕ್ಕೆ ಒಂದು ಬಾಗು ಕೊಡಿ, ನೀರು ಬಾಗಿನ ತುದಿಯಲ್ಲೇ ತೊಟ್ಟಿಕ್ಕುತ್ತೆ.

ಎಲ್ಲ ಮುಗಿದ ಮೇಲೆ ಸೊಸೈಟಿಯ ಪಾರ್ಕಿಂಗಲ್ಲಿ ಎರಡು ಗಂಟೆ ಪೈಪಲ್ಲಿ ನೀರು ಬಿಟ್ಟೆ. ಒಳಗೆ ಮೂಲೆ ಮೂಲೆಗೆ ಟಿಶ್ಯೂ ಕಾಗದ ಇಟ್ಟಿದ್ದೆ. ಒಂದೂ ಒದ್ದೆಯಾಗಲಿಲ್ಲ. ಟೆಸ್ಟ್ ಪಾಸು ಅಂದ್ಕೊಂಡೆ. ನಮ್ಮ ಕೆಲಸದಲ್ಲಿ ಇರೋರಿಗೆ ಮುಂದಿನದು ಗೊತ್ತೇ ಇದೆ, ಟೆಸ್ಟಲ್ಲಿ ಪಾಸಾದದ್ದು ಪ್ರೊಡಕ್ಷನ್ನಲ್ಲಿ ಬೀಳುತ್ತೆ.

ಜುಲೈಯಲ್ಲಿ ತಾಮ್ಹಿಣಿ ಘಾಟಿನ ಕಡೆ ಹೋದ್ವಿ. ರಾತ್ರಿಯಿಡೀ ಮಳೆ. ಬೆಳಿಗ್ಗೆ ಎದ್ದರೆ ಹಾಸಿಗೆಯ ತಳ ಒದ್ದೆ, ಗೋಡೆ ಮೇಲೆ ನೀರು, ಮಗಳ ದಿಂಬಿನ ಒಂದು ಬದಿ ಒದ್ದೆ. ಹುಡುಕಿದೆ. ಚಕ್ರದ ಮೇಲೆ ಒಂದು ಬೋಲ್ಟಿನ ತೂತಿನಿಂದ ನೀರು ಬರ್ತಿತ್ತು. ನಾನು ಪೈಪು ಬಿಟ್ಟಿದ್ದು ಮೇಲಿಂದ, ಚಕ್ರ ಎರಚೋದು ಕೆಳಗಿಂದ. ಸರಿ, ಕಾರಣ ಸಿಕ್ತು ಅಂತ ಖುಷಿಯಾಯ್ತು. ಎಡವಿದ್ದು ಅಲ್ಲೇ. ಒಂದು ತೂತು ಸಿಕ್ಕಿದ್ದಕ್ಕೆ ಎಲ್ಲ ನೀರೂ ತೂತಿನದೇ ಅಂತ ತೀರ್ಮಾನ ಮಾಡಿಬಿಟ್ಟೆ. ವಾಪಸ್ ಬಂದು ಎರಡು ವಾರಾಂತ್ಯ ಕೂತು, ಕಂಡ ಕಂಡ ಸಂದಿಗೆಲ್ಲ ಸೀಲೆಂಟು ತುಂಬಿದೆ. ಮಾಡಿನ ಮೇಲೆ ಒಂದು ಗಾಳಿಕಿಂಡಿ ಇತ್ತು, ಅದಕ್ಕೂ ಟೇಪು ಸುತ್ತಿದೆ.

ಆಗಸ್ಟಲ್ಲಿ ಎರಡನೇ ಸಲ ಹೊರಟ್ವಿ. ಬೆಳಿಗ್ಗೆ ಮೊದಲ ಸಲಕ್ಕಿಂತ ಹೆಚ್ಚು ಒದ್ದೆ. ಗೋಡೆ ಮೇಲೆ ಹನಿಗಳು ಗೆರೆ ಗೆರೆಯಾಗಿ ಕೂತಿದ್ವು. ನಾನು ತಲೆ ಕೆಡಿಸಿಕೊಂಡು ಟಾರ್ಚ್ ಹಿಡಿದು ಮಾಡನ್ನ ನೋಡ್ತಿದ್ದೆ. ಹೆಂಡತಿ ಹೇಳಿದ್ಳು, "ನಿನ್ನೆ ರಾತ್ರಿ ಮಳೆನೇ ಬರ್ಲಿಲ್ವಲ್ರೀ."

ಅದನ್ನ ಪೂರ್ತಿ ಯೋಚನೆ ಮಾಡೋಕೆ ಮುಂಚೆ ಇನ್ನೊಂದು ತಪ್ಪು ಮಾಡಿದೆ. ಹೊರಗೆ ಸಣ್ಣ ಜಿಟಿಜಿಟಿ ಶುರುವಾಗಿತ್ತು. ಬಾಗಿಲು ಹಾಕಿಕೊಂಡು ಒಳಗೇ ಸಣ್ಣ ಗ್ಯಾಸ್ ಸ್ಟವ್ ಹಚ್ಚಿ ಚಹಾ ಇಟ್ಟೆ, ಮಗಳಿಗೆ ಹಾಲು ಕಾಯಿಸಿದೆ. ಹದಿನೈದು ಇಪ್ಪತ್ತು ನಿಮಿಷ ಆಗಿರಬಹುದು. ಮಗಳು "ಅಪ್ಪಾ, ತಲೆ ನೋವು" ಅಂದವಳು ವಾಂತಿ ಮಾಡಿದಳು. ನನಗೂ ಹಣೆ ಹಿಡಿದ ಹಾಗೆ ಇತ್ತು, ನಿದ್ದೆ ಸಾಲದು ಅಂದ್ಕೊಂಡಿದ್ದೆ. ಹೆಂಡತಿ ಬಾಗಿಲು ಒದ್ದು ತೆಗೆದು ಮಗೂನ ಎತ್ತಿಕೊಂಡು ಮಳೆಗೇ ಓಡಿದಳು. ಅರ್ಧ ಗಂಟೆಯಲ್ಲಿ ಮಗು ಸರಿಯಾಯ್ತು, ಆದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗಿ ತೋರಿಸಿದ್ವಿ. ಏನೂ ಆಗಿಲ್ಲ ಅಂದ್ರು.

ಮನೆಗೆ ಬಂದು ಲೆಕ್ಕ ಹಾಕಿದೆ. ಈ ಲೆಕ್ಕ ಕಟ್ಟೋಕೆ ಮೊದಲೇ ಹಾಕಬೇಕಿತ್ತು. ನನ್ನ ಡಬ್ಬಿಯ ಒಳಗಿರೋ ಗಾಳಿ ಸುಮಾರು ಮೂರೂವರೆ ಘನ ಮೀಟರ್. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚಂದ್ರೆ 23 ಗ್ರಾಂ ನೀರಿನ ಆವಿ ಹಿಡಿಯುತ್ತೆ. ಅಂದ್ರೆ ಇಡೀ ಡಬ್ಬಿಗೆ 80 ಗ್ರಾಂ. ಮಳೆಗಾಲದಲ್ಲಿ ತೇವಾಂಶ ಶೇಕಡಾ 90 ಇದ್ರೆ, ನಾವು ಒಳಗೆ ಹೋಗೋ ಮೊದಲೇ 72 ಗ್ರಾಂ ತುಂಬಿರುತ್ತೆ. ಉಳಿದದ್ದು 8 ಗ್ರಾಂ, ಒಬ್ಬರ ಉಸಿರಿಗೆ ಒಂದು ಗಂಟೆಗೂ ಸಾಲದು. ಮೂರು ಜನ ಒಂದು ರಾತ್ರಿಯಲ್ಲಿ ಉಸಿರು, ಬೆವರು ಸೇರಿ ಅರ್ಧ ಲೀಟರಿಗಿಂತ ಹೆಚ್ಚು ನೀರು ಬಿಡ್ತೀವಿ. ಅದು ಎಲ್ಲಿ ಹೋಗಬೇಕು? ತಣ್ಣಗಿರೋ ಜಾಗ ಹುಡುಕಿ ಕೂರುತ್ತೆ. ಫೋಮು ಇದ್ದ ಕಡೆ ಗೋಡೆ ಒಣಗಿತ್ತು, ಕಬ್ಬಿಣದ ಪೈಪು ಇದ್ದ ಕಡೆ ಮಾತ್ರ ಹನಿ. ಆ ಗೆರೆಗಳು ನನ್ನ ಚೌಕಟ್ಟಿನ ಎಕ್ಸ್‌ರೇ! ಗ್ಯಾಸಿನದ್ದೂ ಸೇರಿಸಿ. ಒಂದು ಕಿಲೋ ಗ್ಯಾಸ್ ಉರಿದ್ರೆ ಸುಮಾರು ಒಂದೂವರೆ ಲೀಟರ್ ನೀರು ಹುಟ್ಟುತ್ತೆ.

ಅಂದ್ರೆ ಮಾಡು ಸೋರ್ತಿರಲಿಲ್ಲ, ನಾವು ಸೋರ್ತಿದ್ವಿ. ನಾನು ಮುಚ್ಚಿದ ಒಂದೊಂದು ಸಂದಿಯೂ ಅದನ್ನ ಹೆಚ್ಚು ಮಾಡ್ತಿತ್ತು.

ನೀರಿಗಿಂತ ದೊಡ್ಡದು ಆ ಬೆಳಿಗ್ಗೆಯ ತಲೆನೋವು. ಮುಚ್ಚಿದ ಜಾಗದಲ್ಲಿ ಸ್ಟವ್ ಉರಿದ್ರೆ ಆಮ್ಲಜನಕ ಕಮ್ಮಿಯಾಗುತ್ತೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತಲೆನೋವು, ವಾಕರಿಕೆ, ಆಮೇಲೆ ನಿದ್ದೆ ಬಂದ ಹಾಗೆ. ನಿದ್ದೆ ಬಂದವನು ಏಳಲ್ಲ. ಆವತ್ತು ಎಷ್ಟು ಇತ್ತು ಅಂತ ಅಳೆಯೋ ಸಾಧನ ನನ್ನ ಹತ್ರ ಇರಲಿಲ್ಲ. ಹೊರಗೆ ಮಳೆ ಇದ್ದಾಗಲೇ ಮನುಷ್ಯ ಬಾಗಿಲು ಮುಚ್ಚೋದು, ಬೆಂಕಿ ಒಳಗೆ ತರೋದು. ಅದಕ್ಕೇ ಮಳೆಗಾಲದ ಟ್ರೇಲರಲ್ಲಿ ಈ ಅಪಾಯ ಹೆಚ್ಚು. ಮಾತೆಲ್ಲ ಮರೆತ್ರೂ ಇದೊಂದು ನೆನಪಿಟ್ಟುಕೊಳ್ಳಿ: ಒಳಗೆ ಬೆಂಕಿ ಬೇಡ. ಗ್ಯಾಸೂ ಬೇಡ, ಇದ್ದಿಲೂ ಬೇಡ, ಐದು ನಿಮಿಷಕ್ಕೂ ಬೇಡ.

ಆಮೇಲೆ ಎರಡು ತಿಂಗಳು ಅದನ್ನ ಮುಟ್ಟಲಿಲ್ಲ. ಮಾರಿಬಿಡೋಣ ಅಂತ ಫೋಟೋ ಕೂಡ ತೆಗೆದಿಟ್ಟಿದ್ದೆ. ಅಪ್ಪನ ಹತ್ರ ಫೋನಲ್ಲಿ ಹಾಸಿಗೆ ತಳ ಒದ್ದೆಯಾಗಿದ್ದು ಹೇಳಿದೆ, ಮಗೂದು ಹೇಳಲಿಲ್ಲ. ಅವರು, "ಅಲ್ಲ ಮಾರಾಯ, ಅಕ್ಕಿ ಚೀಲ ಯಾರಾದ್ರೂ ನೆಲಕ್ಕೆ ತಾಗ್ಸಿ ಇಡ್ತಾರಾ? ಕೆಳಗೆ ಹಲಗೆ ಹಾಕು. ಗೋಡೆಗೂ ಸ್ವಲ್ಪ ಬಿಟ್ಟು ಹಾಕು, ಗಾಳಿ ಆಡ್ಲಿ" ಅಂದ್ರು. ನಮ್ಮ ಊರಲ್ಲಿ ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ತಿದ್ರು. ತಟ್ಟಿ ಇರುಚಲು ತಡೆಯುತ್ತೆ, ತಟ್ಟಿಗೂ ಗೋಡೆಗೂ ನಡುವೆ ಗಾಳಿ ಓಡಾಡುತ್ತೆ, ಗೋಡೆ ಒಣಗಿರುತ್ತೆ. ಚಿಕ್ಕಂದಿನಿಂದ ನೋಡಿದ್ದು, ಡಿಸೈನ್ ಮಾಡೋವಾಗ ತಲೆಗೆ ಬರಲೇ ಇಲ್ಲ.

ಬದಲಾಯಿಸಿದ್ದು ಇಷ್ಟು. ಒಂದು, ಕೆಳಗೆ ಒಂದು ಮೂಲೆಯಲ್ಲಿ ಗಾಳಿ ಬರೋ ಕಿಂಡಿ, ಎದುರು ಮೂಲೆಯಲ್ಲಿ ಮಾಡಿನ ಹತ್ರ ಹೋಗೋ ಕಿಂಡಿ. ಎರಡಕ್ಕೂ ಕೆಳಮುಖದ ಮುಚ್ಚಳ, ಸೊಳ್ಳೆ ಬಲೆ. ಮೇಲಿನದಕ್ಕೆ ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನು. ಅದು ಎಳೆಯೋದು ಎರಡು ಮೂರು ವಾಟ್, ರಾತ್ರಿಯಿಡೀ ಓಡಿದ್ರೂ ಬ್ಯಾಟರಿಗೆ ಲೆಕ್ಕಕ್ಕಿಲ್ಲ. ಹೊರಗಿನ ಗಾಳಿಯೇ ಒದ್ದೆ ಇರೋವಾಗ ಏನುಪಯೋಗ ಅನ್ನಬಹುದು. ನಮ್ಮ ಮೈ ಬಿಸಿಗೆ ಒಳಗಿನ ಗಾಳಿ ಸ್ವಲ್ಪ ಬೆಚ್ಚಗಾಗುತ್ತೆ, ಬೆಚ್ಚನೆ ಗಾಳಿ ಹೆಚ್ಚು ಆವಿ ಹಿಡಿಯುತ್ತೆ, ಅದನ್ನ ಫ್ಯಾನು ಹೊರಗೆ ಹಾಕುತ್ತೆ. ಎರಡು, ಪೈಪುಗಳ ಮೇಲೆ ಒಳಬದಿಗೆ 6 ಮಿಲಿಮೀಟರ್ ಫೋಮ್ ಪಟ್ಟಿ. ಮೂರು, ಹಾಸಿಗೆ ಕೆಳಗೆ ಮರದ ಪಟ್ಟಿಗಳು, ಸುತ್ತ ಎರಡು ಬೆರಳು ಜಾಗ. ನಾಲ್ಕು, ಅಡುಗೆ ಹಿಂದಿನ ಡಿಕ್ಕಿಯ ಬಾಗಿಲ ಕೆಳಗೆ, ತಾಡಪತ್ರಿ ಕಟ್ಟಿಕೊಂಡು, ಹೊರಗೇ. ಒದ್ದೆ ಬಟ್ಟೆ, ಛತ್ರಿಯೂ ಅಲ್ಲೇ. ಐದು, ಕಾರ್ಬನ್ ಮೊನಾಕ್ಸೈಡ್ ಅಲಾರ್ಮು, ತಲೆ ಇಡೋ ಕಡೆ.

ಓಡಿಸೋರಿಗೆ ಒಂದು ಮಾತು. ನನ್ನ ಟ್ರೇಲರ್ ಸಾಮಾನು ಸೇರಿ 450 ಕಿಲೋ. ಅದರ ತಳದ ಅಳತೆಗೆ ಲೆಕ್ಕ ಹಾಕಿದ್ರೆ, ನೆಲದ ಹಲಗೆಯಿಂದ ಸುಮಾರು 14 ಸೆಂಟಿಮೀಟರ್ ಮೇಲೆ ನೀರು ಬಂದ್ರೆ ಸಾಕು, ಅದು ಟ್ರೇಲರ್ ಅಲ್ಲ, ದೋಣಿ. ನೀರು ಚೆನ್ನಾಗಿ ತಡೆಯೋ ಡಬ್ಬಿ ಅಷ್ಟೇ ಚೆನ್ನಾಗಿ ತೇಲುತ್ತೆ. ತುಂಬಿ ಹರಿಯೋ ಸೇತುವೆ ಮೇಲೆ ಕಾರು ದಾಟಬಹುದು ಅನ್ನಿಸಿದ್ರೂ ಹಿಂದಿನದು ಅದನ್ನ ಎಳ್ಕೊಂಡು ಹೋಗುತ್ತೆ. ತೂಕದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕೊಕ್ಕೆಯ ಮೇಲೆ ಬರೋ ಹಾಗೆ ಸಾಮಾನು ಜೋಡಿಸಿ, ಹಿಂದೆ ಭಾರ ಹೆಚ್ಚಾದ್ರೆ ಒದ್ದೆ ರಸ್ತೆಯಲ್ಲಿ ಬಾಲ ಅಲ್ಲಾಡಿಸುತ್ತೆ. ಮಳೆಯಲ್ಲಿ ನಾನು 60 ದಾಟಲ್ಲ.

ಖರ್ಚು ಎಲ್ಲ ಸೇರಿ 2 ಲಕ್ಷ 60 ಸಾವಿರ ಆಯ್ತು. ಅದರಲ್ಲಿ ಹನ್ನೆರಡು ಸಾವಿರ ಸೀಲೆಂಟೇ, ಅರ್ಧ ದಂಡ.

ಮುಂದಿನ ವರ್ಷ ಜುಲೈಯಲ್ಲಿ ಊರಿಗೆ ಹೋದ್ವಿ, ದಾರಿಯಲ್ಲಿ ಒಂದು ರಾತ್ರಿ ಹುಬ್ಬಳ್ಳಿಯ ಆಚೆ ನಿಂತು. ಹಾಸಿಗೆ ಒಣಗಿತ್ತು. ಹೊರಡೋಕೆ ಮುಂಚೆ ಹೆಂಡತಿ ಒಂದು ಷರತ್ತು ಹಾಕಿದ್ದಳು, ಅಲಾರ್ಮಿನ ಬಟನ್ ಒತ್ತಿ ಸದ್ದು ಕೇಳಿಸಿದ ಮೇಲೇ ಮಗು ಒಳಗೆ ಬರೋದು. ಈಗಲೂ ಅದೇ ಪದ್ಧತಿ. ಬಟನ್ ಒತ್ತೋದು ಮಗಳ ಕೆಲಸ.

ಅಪ್ಪನಿಗೆ ಆ ಬೆಳಿಗ್ಗೆಯ ವಿಷಯ ಅಲ್ಲೇ ಕೂತು ಹೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ಎರಡು ಕಿಂಡಿಗೂ ಕೈ ಅಡ್ಡ ಹಿಡಿದು ಗಾಳಿ ಬರುತ್ತಾ ನೋಡಿದ್ರು. ಒಂದು ರಾತ್ರಿ ಅಂಗಳದಲ್ಲಿ ಅದರೊಳಗೇ ಮಲಗಿದ್ರು, ನಾವು ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ಹೇಗಿತ್ತು ಅಂದೆ. "ತಗಡಿನ ಮೇಲೆ ಸದ್ದು ಜಾಸ್ತಿ ಆಯ್ತು. ಬೆನ್ನು ಒದ್ದೆ ಆಗ್ಲಿಲ್ಲ" ಅಂದ್ರು.

ಮಾಡಿನ ಒಳಗೆ ಸದ್ದು ತಡೆಯೋಕೆ ಕಾರಿಗೆ ಅಂಟಿಸೋ ಹಾಳೆ ತರಿಸಿದ್ದೀನಿ, ಈ ಬೇಸಿಗೆಗೆ ಆ ಕೆಲಸ. ನಿಮ್ಮಲ್ಲಿ ಯಾರಾದ್ರೂ ಕಟ್ಟೋದಾದ್ರೆ ಪುಣೆಗೆ ಬಂದಾಗ ನೋಡ್ಕೊಂಡು ಹೋಗಿ, ಅಳತೆ ತಗೊಳ್ಳಿ, ಒಳಗೆ ಮಲಗಿ ನೋಡಿ.