ಕರೆಯ ಗಂಟೆ ಕೇಳಿಸಬೇಕಾದರೆ

ದೂರದೂರಿನ ಮಗ ನಾಲ್ಕು ಬಾರಿ ಕರೆಯುತ್ತಾನೆ. ತಾಯಿಯ ಮಗ್ಗುಲಲ್ಲೇ ಇರುವ ಮೊಬೈಲು ಮೂಕವಾಗಿರುತ್ತದೆ. ಎರಡು ಮನೆಗಳಿಗೂ ಆತಂಕ. ರಿಪೇರಿ ಅಂಗಡಿಗೆ ಓಡುವ ಮೊದಲು ತಾವೇ ಕೆಲವನ್ನು ಪರೀಕ್ಷಿಸಬಹುದು.

ರೇಡಿಯೋದಲ್ಲಿ ಧ್ವನಿ ಏರಿಸಲು ತಿರುಪು ಒಂದೇ. ಮೊಬೈಲಿನಲ್ಲಿ ಹಾಗಲ್ಲ, ಹಾಡಿನ ಧ್ವನಿ ಬೇರೆ, ಕರೆಗಂಟೆಯ ಧ್ವನಿ ಬೇರೆ. ಹಾಡು ಗಟ್ಟಿಯಾಗಿ ಕೇಳಿಸಿತೆಂದು ಗಂಟೆಯೂ ಕೇಳಿಸೀತೆಂದು ನಂಬಬಾರದು. ಸೆಟ್ಟಿಂಗ್ಸ್ ತೆರೆದು ರಿಂಗ್‌ಟೋನಿನ ಗೆರೆಯನ್ನೇ ಬಲಕ್ಕೆ ಎಳೆಯಬೇಕು. 'ಡು ನಾಟ್ ಡಿಸ್ಟರ್ಬ್' ಚಾಲೂ ಇದ್ದರೆ ಆರಿಸಬೇಕು. ಗಂಟೆ ಕೇಳಿಸಿಯೂ ಮಾತು ಕೇಳಿಸದಿದ್ದರೆ ಬ್ಲೂಟೂತ್ ನಿಲ್ಲಿಸಿ ನೋಡಿ. ಧ್ವನಿ ಪಕ್ಕದ ಕೋಣೆಯ ಇಯರ್‌ಫೋನಿಗೆ ಹೋಗುತ್ತಿರಬಹುದು. ಜಾಲರಿಯ ಧೂಳನ್ನು ಒಣಗಿದ ಮೆದು ಬ್ರಷ್ಷಿನಿಂದ ತೆಗೆಯಿರಿ, ಸೂಜಿ ಚುಚ್ಚಬೇಡಿ.

ಇನ್ನು ಸ್ವರದ ಆಯ್ಕೆ. ವಾಲ್ಟರ್ ಕೌಫ್‌ಮನ್ ರಚಿಸಿದ ಆಕಾಶವಾಣಿಯ ಆರಂಭ ಸಂಗೀತ ಕೇಳಿದೊಡನೆ, ಉದ್ಘೋಷಕರು ಬಾಯಿ ತೆರೆಯುವ ಮೊದಲೇ ನಿಲಯದ ಗುರುತು ಸಿಗುತ್ತದೆ. ಕರೆದವರ ಗುರುತೂ ಹಾಗೆಯೇ ಸಿಗಬಲ್ಲದು. ಸಂಪರ್ಕ ಪಟ್ಟಿಯಲ್ಲಿ ಅವರ ಹೆಸರು ತೆರೆದು 'ರಿಂಗ್‌ಟೋನ್' ಆರಿಸಿದರೆ ಅವರಿಗೇ ಪ್ರತ್ಯೇಕ ಸ್ವರ ಕೊಡಬಹುದು. ಐಫೋನಿನಲ್ಲಿ ಅಲ್ಲಿಯೇ 'ಎಮರ್ಜೆನ್ಸಿ ಬೈಪಾಸ್' ಎಂಬ ಸೌಕರ್ಯವುಂಟು. ಫೋನನ್ನು ಮೌನದಲ್ಲಿಟ್ಟಿದ್ದರೂ ಅವರ ಕರೆ ಕೇಳಿಸುತ್ತದೆ.

ವಯಸ್ಸಾದಂತೆ ಕಿವಿ ಸಾಮಾನ್ಯವಾಗಿ ಮೊದಲು ಕಳೆದುಕೊಳ್ಳುವುದು ತಾರಸ್ವರಗಳನ್ನು. ಆದುದರಿಂದ ಹಿರಿಯರ ಫೋನಿಗೆ ಕೀಚಲು ದನಿ ಬೇಡ. ತುಸು ತಗ್ಗಿನ, ತುಂಬಿದ ಸ್ವರವಿರಲಿ. ಈ ಸಂಜೆಯೇ ಒಬ್ಬರಿಂದ ಕರೆ ಮಾಡಿಸಿ, ಹಿರಿಯರು ಅಡುಗೆಮನೆಯಲ್ಲಿದ್ದಾಗಲೂ ಅದು ಕೇಳಿಸುವುದೇ ಎಂದು ಅವರನ್ನೇ ಕೇಳಿ.