ಯಂತ್ರಕ್ಕೆ ಸಿಕ್ಕ ಕೈ: ವಿಧಿಯೋ, ನಿರ್ಲಕ್ಷ್ಯವೋ?

(ಶಹಾಪುರದ ಕುಟುಂಬ ಸಭೆಯೊಂದರಲ್ಲಿ ನೀಡಿದ ಭಾಷಣದ ಬರಹ ರೂಪ)



ಯಾದಗಿರಿ, ಶಹಾಪುರ, ಸುರಪುರಗಳಿಗೆ ಹತ್ತಿ ಹೊಸದಲ್ಲ. ಹತ್ತಿ ಬಿಡಿಸುವ ಕಾಲ ಬಂದೊಡನೆ ಜಿನ್ನಿಂಗ್ ಗಿರಣಿಗಳು ಹಗಲಿರುಳು ಸದ್ದು ಮಾಡತೊಡಗುತ್ತವೆ. ಆ ಸದ್ದಿನಿಂದಲೇ ನಮ್ಮ ಅನೇಕ ಮನೆಗಳ ಒಲೆ ಉರಿಯುತ್ತದೆ. ಆದರೆ ಅದೇ ಸದ್ದಿನಲ್ಲಿ ಕೆಲವೊಮ್ಮೆ ಒಂದು ಚೀತ್ಕಾರವೂ ಮುಳುಗಿಹೋಗುತ್ತದೆ.

ಮೂರು ವರ್ಷಗಳ ಹಿಂದೆ ನಾವು ಅಂತಹ ಒಂದು ಮನೆಗೆ ಹೋಗಿದ್ದೆವು. ಮಗನ ವಯಸ್ಸು 25. ರೋಲರ್‌ಗಳ ನಡುವೆ ಹತ್ತಿ ಸಿಕ್ಕಿಕೊಂಡಿತ್ತು. ಯಂತ್ರ ನಿಲ್ಲಿಸಿದರೆ ಕೆಲಸ ಕೆಡುತ್ತದೆಂದು ಚಾಲನೆಯಲ್ಲಿರುವಾಗಲೇ ಕೈ ಹಾಕಿದ. ಮೂರು ಬೆರಳುಗಳು ಹೋದವು. ಆಸ್ಪತ್ರೆಯ ಖರ್ಚಿನ ಜೊತೆಗೆ 30 ಸಾವಿರ ರೂಪಾಯಿ ಕೊಟ್ಟು ಒಂದು ಕಾಗದಕ್ಕೆ ಸಹಿ ಪಡೆದರು. ಆತನ ತಾಯಿ ನಮ್ಮೊಡನೆ ಹೇಳಿದ್ದು ಇಷ್ಟೇ: “ಏನ್ ಮಾಡೋದ್ರಿ, ಅವನ ನಸೀಬಿನಾಗ ಬರ್ದಿತ್ತು.”

ನಿಜಕ್ಕೂ ಇದು ನಸೀಬೇ? ಒಂಟೆಯನ್ನು ಕಟ್ಟದೆ ಬಿಟ್ಟು ದೇವನ ಮೇಲೆ ಭರವಸೆ ಇಟ್ಟೆನೆಂದವನಿಗೆ, ಮೊದಲು ಕಟ್ಟು, ಆ ಬಳಿಕ ಭರವಸೆ ಇಡು ಎಂದು ಬೋಧಿಸಿದ ಪ್ರವಾದಿಯವರ(ಸ) ಅನುಯಾಯಿಗಳು ನಾವು. ಕಟ್ಟಬೇಕಾದವನು ಕಟ್ಟದೆ ಬಿಟ್ಟದ್ದನ್ನು ವಿಧಿಯ ತಲೆಗೆ ಕಟ್ಟುವುದು ನ್ಯಾಯವೇ?

ಈ ಹಗ್ಗವನ್ನು ಕಾನೂನು 1948ರಲ್ಲೇ ನಮ್ಮ ಕೈಗೆ ಕೊಟ್ಟಿತ್ತು. ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ಕಾಪುಪಟ್ಟಿ ಇರಲೇಬೇಕೆಂದು ಕಾರ್ಖಾನೆ ಕಾಯ್ದೆಯ 21ನೇ ಕಲಮು ಹೇಳಿತು. ಚಲಿಸುವ ಯಂತ್ರವನ್ನು ಪರೀಕ್ಷಿಸುವುದು ಅನಿವಾರ್ಯವಾದರೆ ತರಬೇತಾದ ವಯಸ್ಕ ಪುರುಷನೇ, ಮಾಲೀಕನು ಒದಗಿಸಿದ ಮೈಗಂಟುವ ಉಡುಪು ಧರಿಸಿ ಮಾಡಬೇಕೆಂದು 22ನೇ ಕಲಮು ವಿಧಿಸಿತು. 27ನೇ ಕಲಮಂತೂ ಹತ್ತಿಗೆಂದೇ ಮೀಸಲು. ಹತ್ತಿ ಒತ್ತುವ ಕಾರ್ಖಾನೆಯಲ್ಲಿ ಹತ್ತಿ ಬಿಚ್ಚುವ ಯಂತ್ರ ನಡೆಯುವ ಕಡೆ ಮಹಿಳೆಯರನ್ನೂ ಮಕ್ಕಳನ್ನೂ ದುಡಿಸಬಾರದೆಂದು ಅದು ನಿರ್ಬಂಧಿಸಿತು. ಸೆರಗು, ದುಪಟ್ಟಾ ಬೆಲ್ಟಿಗೆ ಸಿಕ್ಕರೆ ಏನಾಗುವುದೆಂದು ಬಲ್ಲವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಹಾಗಿದ್ದರೂ ಬೆರಳುಗಳು ಏಕೆ ತುಂಡಾಗುತ್ತವೆ? ಕೆಲಸಕ್ಕೆ ಅಡ್ಡಿಯೆಂದು ಕಾಪುಪಟ್ಟಿಯನ್ನು ಕಳಚಿಡಲಾಗುತ್ತದೆ. ಹಂಗಾಮು ಕೆಲವೇ ತಿಂಗಳು. ತಪಾಸಣೆಗೆ ಯಾರಾದರೂ ಬರುವ ಹೊತ್ತಿಗೆ ಗಿರಣಿಯೇ ಮುಚ್ಚಿರುತ್ತದೆ. ಹೊಸ ಕಾನೂನು ಇನ್ನೊಂದು ಚಿಂತೆಯನ್ನು ತಂದಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತಾ ಸಂಹಿತೆಯಲ್ಲಿ, ವಿದ್ಯುತ್ ಬಳಸುವ ಕಾರ್ಖಾನೆ ಎನಿಸಿಕೊಳ್ಳಲು 10ರ ಬದಲು 20 ಮಂದಿ ಕಾರ್ಮಿಕರಿರಬೇಕು. ಹಳೆಯ ಇನ್‌ಸ್ಪೆಕ್ಟರ್ ಈಗ ‘ಸುಗಮಕಾರ’ರೂ ಹೌದು. ಸಣ್ಣ ಗಿರಣಿಯ ಬೆಲ್ಟು ಸಣ್ಣ ಗಾಯ ಮಾಡುತ್ತದೆಯೇ?

ಸಾವು ಸಂಭವಿಸಿದಾಗ ಮಾತ್ರ ನಾವು ಎಚ್ಚರಗೊಳ್ಳುತ್ತೇವೆ. 2023ರ ಡಿಸೆಂಬರ್‌ನಲ್ಲಿ ನೆರೆಯ ವಿಜಯಪುರದ ಆಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ಚೀಲಗಳ ರಾಶಿ ಕುಸಿದು ಬಿಹಾರದ 7 ಮಂದಿ ಕಾರ್ಮಿಕರು ಅಸುನೀಗಿದಾಗ ನಾಡು ಮರುಗಿತು. ಆದರೆ ಒಂದೊಂದಾಗಿ ಹೋಗುವ ಬೆರಳುಗಳಿಗಾಗಿ ಮರುಗುವವರು ಯಾರು?

ಆ ಯುವಕನ ಲೆಕ್ಕವನ್ನು ಒಮ್ಮೆ ಮಾಡಿನೋಡೋಣ. ಅವನ ತಿಂಗಳ ಕೂಲಿ 10 ಸಾವಿರ ರೂಪಾಯಿ. ಆಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯ ಪ್ರಕಾರ ಕೂಲಿಯ ಶೇ. 60ನ್ನು, ಅಂದರೆ 6 ಸಾವಿರವನ್ನು, 25ರ ವಯಸ್ಸಿಗೆ ನಿಗದಿಯಾದ 216.91ರಿಂದ ಗುಣಿಸಬೇಕು. ಆಗ 13 ಲಕ್ಷ 1 ಸಾವಿರದ 460 ರೂಪಾಯಿ ಆಗುತ್ತದೆ. ಒಂದು ಕೈಯ ಮೂರು ಬೆರಳು ಹೋದರೆ ಅದರಲ್ಲಿ ಶೇ. 30, ಅಂದರೆ 3 ಲಕ್ಷ 90 ಸಾವಿರದ 438 ರೂಪಾಯಿ ಸಲ್ಲಬೇಕು. ಆತನಿಗೆ ಸಿಕ್ಕಿದ್ದು 30 ಸಾವಿರ! ಉಳಿದದ್ದನ್ನು ಕಸಿದದ್ದು ಯಂತ್ರವಲ್ಲ, ಆ ಕಾಗದ. ಹಕ್ಕನ್ನು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡ ಕರಾರು ಕಾನೂನಿನ ಮುಂದೆ ಊರ್ಜಿತವಲ್ಲ ಎಂಬುದನ್ನೂ ಆ ಮನೆಗೆ ಯಾರೂ ತಿಳಿಸಿರಲಿಲ್ಲ.

ಇನ್ನೊಂದು ಮಾತು. ಹತ್ತಿ ಜಿನ್ನಿಂಗ್ ಹಂಗಾಮಿ ಕಾರ್ಖಾನೆಯಾದುದರಿಂದ ಇಎಸ್‌ಐ ವಿಮೆಯ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಪರಿಹಾರದ ಹೊಣೆ ನೇರವಾಗಿ ಮಾಲೀಕನದ್ದೇ. ‘ಇವನು ಗುತ್ತೇದಾರನ ಆಳು’ ಎಂದು ಹೇಳಿ ಆತ ಜಾರಿಕೊಳ್ಳುವಂತಿಲ್ಲ.

ಸಹೋದರರೇ, ಈ ಸಭೆಯಲ್ಲಿ ಕಾರ್ಮಿಕರು ಮಾತ್ರವಲ್ಲ, ಗಿರಣಿ ನಡೆಸುವವರೂ ಆಳುಗಳನ್ನು ಒದಗಿಸುವವರೂ ಇದ್ದೀರಿ. ಸರಕಾರವನ್ನು ಮಾತ್ರ ದೂರಿ ನಾವು ಕೈತೊಳೆದುಕೊಳ್ಳಲಾಗದು. ಕಾಪುಪಟ್ಟಿಗೆ ತಗಲುವ ಖರ್ಚು ಒಂದು ಬೆರಳಿಗಿಂತ ದೊಡ್ಡದಲ್ಲ. ಸಿಕ್ಕಿಕೊಂಡ ಹತ್ತಿಯನ್ನು ತೆಗೆಯುವ ಮುನ್ನ ಯಂತ್ರ ನಿಲ್ಲಿಸಿದವನನ್ನು ಬೈಯಬೇಡಿ. ಆತ ನಿಮ್ಮ ಲೆಕ್ಕಕ್ಕೆ ಬರಬಹುದಾಗಿದ್ದ ಒಂದು ಅನ್ಯಾಯವನ್ನು ತಡೆದಿದ್ದಾನೆ.

ದುಡಿಯುವವರಲ್ಲಿ ನಮ್ಮದು ಮೂರು ವಿನಂತಿ. ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿದೆಯೇ ಎಂದು ಮೊದಲ ದಿನವೇ ನೋಡಿರಿ. ಹೆಸರಿಲ್ಲದವನ ಗಾಯಕ್ಕೆ ಸಾಕ್ಷಿ ಹುಡುಕುವುದು ಕಷ್ಟ. ಅವಘಡವಾದರೆ ಅದು ಗಿರಣಿಯಲ್ಲಿ ಆದದ್ದೆಂದು ಆಸ್ಪತ್ರೆಯ ಚೀಟಿಯಲ್ಲಿ ಬರೆಯಿಸಿರಿ. ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸದೆ ಯಾವ ಕಾಗದಕ್ಕೂ ಸಹಿ ಹಾಕದಿರಿ, ಅರ್ಜಿ ಕೊಡಲು ತಡಮಾಡದಿರಿ.

ಓದುಬರಹ ಬಲ್ಲ ಯುವಕರೇ, ನಿಮ್ಮ ಮೊಹಲ್ಲಾದಲ್ಲಿ ಯಾರಾದರೂ ಗಾಯಗೊಂಡರೆ ಸಾಂತ್ವನ ಹೇಳಿ ಮರಳಬೇಡಿ. ಆ ಮನೆಯವರ ಅರ್ಜಿ ಬರೆದುಕೊಟ್ಟು ಬನ್ನಿ. ಆ ತಾಯಿಯ ಬಾಯಿಂದ ‘ನಸೀಬು’ ಎಂಬ ಮಾತು ಬರುವ ಮುನ್ನ ನಾವು ಆ ಮನೆಯ ಬಾಗಿಲಲ್ಲಿರಬೇಕು.