ಸವಾರನ ಪಾದರಕ್ಷೆ

ಕುದುರೆಯ ವಿಚಾರ ಬಂದರೆ ನಮ್ಮ ಮನ್ನಳ್ಳಿಯ ಕಡೆ ಮೊದಲು ಸುಳಿ ನೋಡುತ್ತಾರೆ. ಆಮೇಲೆ ಬಣ್ಣ, ಕಿವಿ, ನಡಿಗೆ. ಗೊರಸೆತ್ತಿ ಲಾಳ ಸವೆದಿದೆಯೇ ಎಂದು ಪರೀಕ್ಷಿಸುವ ಜಾಣರೂ ಉಂಟು. ಆದರೆ ಏರಿ ಕುಳಿತವನ ಕಾಲಲ್ಲಿ ಏನಿದೆ ಎಂದು ವಿಚಾರಿಸುವವರನ್ನು ನಾನು ಕಂಡಿಲ್ಲ. ಕೆಲವು ವರ್ಷಗಳ ಹಿಂದಿನವರೆಗೆ ನಾನೂ ವಿಚಾರಿಸಿದವನಲ್ಲ.

ಬೀದರಿಗೂ ಕುದುರೆಗೂ ನಂಟು ಹಳೆಯದು. ರಷ್ಯದ ಟ್ವೆರ್ ನಗರದ ಅಫನಾಸಿ ನಿಕಿತಿನ್ ಎಂಬ ವರ್ತಕ 1470ರ ಸುಮಾರಿನಲ್ಲಿ ಬಹಮನಿಗಳ ಈ ರಾಜಧಾನಿಗೆ ಬಂದದ್ದು ಒಂದು ಗಂಡುಕುದುರೆಯನ್ನು ಮಾರುವುದಕ್ಕಾಗಿ. ಆಳಂದದ ಜಾತ್ರೆಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆಂದು ಆತ ಬರೆದಿಟ್ಟಿದ್ದಾನೆ. ಇನ್ನೊಂದು ಮಾತನ್ನೂ ಬರೆದಿದ್ದಾನೆ: ಖುರಾಸಾನದಿಂದ ಬಂದ ಸರದಾರರು ಕುದುರೆಯ ಮೇಲೆ, ಈ ನಾಡಿನ ಕಾಲಾಳುಗಳು ಕೈಯಲ್ಲಿ ಕತ್ತಿ ಗುರಾಣಿ ಹಿಡಿದು ಅವರ ಮುಂದೆ ಬರಿಗಾಲಿನಲ್ಲಿ. ಈಗ ಆ ಸರದಾರರೂ ಇಲ್ಲ, ಆ ದಂಡೂ ಇಲ್ಲ. ನಮ್ಮವರು ಕುದುರೆ ಏರುವುದು ಹೆಚ್ಚಾಗಿ ಒಂದೇ ದಿನ, ಮದುವೆಯ ದಿನ.

ನನ್ನ ಸೋದರಳಿಯನೂ ಹಾಗೆಯೇ ಏರಿದ. ಕಾಲಿಗೆ ಜರಿಯ ಹೊಸ ಮೋಜಡಿ. ತುದಿ ಚೂಪು, ಅಟ್ಟೆ ಕನ್ನಡಿಯಂತೆ ನುಣುಪು, ಹಿಮ್ಮಡಿ ಇಲ್ಲವೇ ಇಲ್ಲ. ಮೆರವಣಿಗೆ ತಿರುವಿಗೆ ಬಂದಾಗ ಯಾರೋ ಪಟಾಕಿ ಹಚ್ಚಿದರು. ಕುದುರೆ ಪಕ್ಕಕ್ಕೆ ಜಿಗಿಯಿತು. ಹುಡುಗ ಉರುಳಿದ, ಆದರೆ ಪೂರ್ತಿ ಬೀಳಲಿಲ್ಲ. ಎಡಗಾಲು ರಿಕಾಬಿನೊಳಗೆ ಹರಡಿನವರೆಗೂ ತೂರಿಕೊಂಡಿತ್ತು. ಲಗಾಮು ಹಿಡಿದಿದ್ದ ಮುದುಕ ಕೈಬಿಡದೆ ನಿಂತದ್ದರಿಂದ ಹತ್ತು ಹೆಜ್ಜೆ ಎಳೆದಾಟದಲ್ಲಿ ಮುಗಿಯಿತು. ಆತ ಕೈಬಿಟ್ಟಿದ್ದರೆ ಏನಾಗುತ್ತಿತ್ತೆಂದು ನಮ್ಮ ಅಕ್ಕನ ಮುಂದೆ ಇಂದಿಗೂ ಯಾರೂ ಆಡುವುದಿಲ್ಲ.

ರಿಕಾಬು ಎಂದರೆ ಜೀನಿನ ಎರಡು ಪಕ್ಕ ತೂಗುವ, ಕಾಲಿಡುವ ಕಬ್ಬಿಣದ ಕೊಂಡಿ. ಹಳೆಯ ಕನ್ನಡದಲ್ಲಿ ಅಂಕವಣೆ. ಸವಾರಿಯ ಪಾದರಕ್ಷೆಯ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ಬರಿಯ ತಡಿ ಹಾಕಿ, ರಿಕಾಬಿಲ್ಲದೆ, ತಟ್ಟುವಿನ ಮೇಲೆ ಬರಿಗಾಲಲ್ಲಿ ಹೋಗುವ ಹಳ್ಳಿಯ ಹುಡುಗ ಬಿದ್ದರೆ ನೆಲಕ್ಕೆ ಬೀಳುತ್ತಾನೆ, ಅಷ್ಟೆ. ರಿಕಾಬಿಗೆ ಕಾಲು ಸಿಕ್ಕಿದವನನ್ನು ಕುದುರೆ ಎಳೆದೊಯ್ಯುತ್ತದೆ.

ಆದುದರಿಂದ ಬೂಟಿಗೆ ಹಿಮ್ಮಡಿ ಬೇಕು. ಬಹಳ ಎತ್ತರ ಬೇಡ, ಸುಮಾರು 1 ಅಂಗುಲ ಸಾಕು, ಅಗಲವಾಗಿ, ಚೌಕವಾಗಿರಲಿ. ಸವಾರನ ಪಾದ ಮುಂದಕ್ಕೆ ಜಾರಿದಾಗ ಈ ಹಿಮ್ಮಡಿ ರಿಕಾಬಿಗೆ ತಗುಲಿ ತಡೆಯುತ್ತದೆ. ಅಟ್ಟೆಯ ವಿಷಯದಲ್ಲಿ ಜನ ತಪ್ಪುವುದು ಹೆಚ್ಚು. ಹಿಡಿತ ಚೆನ್ನಾಗಿರಲೆಂದು ಆಳವಾದ ಗೀರುಗಳುಳ್ಳ ರಬ್ಬರಿನ ಬೂಟು ಕೊಳ್ಳುತ್ತಾರೆ. ನಡೆಯುವುದಕ್ಕೆ ಅದು ಒಳ್ಳೆಯದೇ. ಕುದುರೆಯ ಮೇಲೆ ಆ ಗೀರುಗಳೇ ಕಬ್ಬಿಣವನ್ನು ಕಚ್ಚಿಕೊಂಡು, ಬಿಡಿಸಿಕೊಳ್ಳಬೇಕಾದ ಕ್ಷಣದಲ್ಲಿ ಕಾಲನ್ನು ಬಿಡುವುದಿಲ್ಲ. ಮೋಜಡಿಯಷ್ಟು ನುಣುಪೂ ಬೇಡ, ಆಟದ ಬೂಟಿನಷ್ಟು ಒರಟೂ ಬೇಡ; ಸಾಧಾರಣ ಚರ್ಮದ ಅಟ್ಟೆ, ಇಲ್ಲವೆ ಸಣ್ಣ ಗೆರೆಗಳ ರಬ್ಬರು ಸರಿ.

ಬೂಟಿನ ಅಗಲವನ್ನು ರಿಕಾಬಿನೊಡನೆ ಹೊಂದಿಸಿ ನೋಡದೆ ಏರಬಾರದು. ಎರಡು ಪಕ್ಕದಲ್ಲೂ ಅರ್ಧರ್ಧ ಅಂಗುಲ ಬಿಡುವಿರಬೇಕು. ಅದಕ್ಕಿಂತ ಬಿಗಿಯಾದರೆ ಕಾಲು ಕಚ್ಚಿಕೊಳ್ಳುತ್ತದೆ, ತೀರ ಸಡಿಲವಾದರೆ ತೂರಿಕೊಳ್ಳುತ್ತದೆ. ಮಕ್ಕಳನ್ನು ದೊಡ್ಡವರ ಜೀನಿನ ಮೇಲೆ ಕೂರಿಸುವಾಗ ಇದನ್ನು ವಿಶೇಷವಾಗಿ ಗಮನಿಸಬೇಕು. ಇಡೀ ಪಾದವನ್ನು ಒಳಗೆ ತಳ್ಳಬಾರದು. ಹೆಬ್ಬೆರಳ ಬುಡದ ಅಗಲವಾದ ಭಾಗವನ್ನಷ್ಟೇ ಊರಿ, ಹಿಮ್ಮಡಿಯನ್ನು ಕೆಳಗಿಳಿಸಬೇಕು.

ಹರಡು ಮುಚ್ಚುವ ಗಿಡ್ಡ ಬೂಟು ಹೊಸಬರಿಗೆ ಸಾಕು. ಮೈಸೂರಿನ ಅಶ್ವಾರೋಹಿ ಪೊಲೀಸರ ಉದ್ದ ಬೂಟುಗಳನ್ನು ದಸರೆಯಲ್ಲಿ ನೋಡಿ, ಅದೆಲ್ಲ ಠೀವಿಗೆ ಎಂದುಕೊಂಡಿದ್ದೆ. ಹಾಗಲ್ಲ, ರಿಕಾಬಿನ ಚರ್ಮದ ಪಟ್ಟಿ ಮೀನಖಂಡವನ್ನು ಉಜ್ಜಿ ಗಾಯಮಾಡದಂತೆ ಅವು ಕಾಯುತ್ತವೆ. ಗಿಡ್ಡ ಬೂಟಿನವರು ಮೊಣಕಾಲವರೆಗಿನ ಕಾಲುಚೀಲ ಹಾಕಬಹುದು. ಲಾಡಿಯ ತುದಿಗಳನ್ನು ಒಳಗೆ ಸೇರಿಸಬೇಕು. ಬೂಟನ್ನು ಸಂಜೆ, ಅದೇ ಕಾಲುಚೀಲ ತೊಟ್ಟು ಅಳತೆ ನೋಡಿ ಕೊಳ್ಳಿ; ಹೊತ್ತು ಏರಿದಂತೆ ಪಾದ ಸ್ವಲ್ಪ ಊದಿಕೊಳ್ಳುತ್ತದೆ. ಹೊಸ ಬೂಟನ್ನು ಒಂದು ವಾರ ಮನೆಯಲ್ಲೇ ಹಾಕಿ ಮೆದುಮಾಡಿಕೊಳ್ಳಿ. ನಮ್ಮ ಕಡೆಯ ಎರೆಮಣ್ಣು ಮಳೆಯಲ್ಲಿ ಅಟ್ಟೆಗೆ ಮೆತ್ತಿದರೆ ಬೆಣ್ಣೆಯಷ್ಟು ಜಾರು. ಏರುವ ಮುನ್ನ ಒರೆಸಿಕೊಳ್ಳಬೇಕು. ಚಪ್ಪಲಿಯ ಮಾತನ್ನೇ ಎತ್ತುವುದಿಲ್ಲ. ಕೆಳಗೆ ನಿಂತಾಗ ಕುದುರೆ ಒಮ್ಮೆ ಪಾದ ತುಳಿದರೆ ಅದರ ಕಾರಣ ತಮಗೇ ತಿಳಿಯುತ್ತದೆ.

ಕಳೆದ ವರ್ಷ ಆ ಹುಡುಗನ ತಮ್ಮನಿಗೆ ಮದುವೆಯಾಯಿತು. ಬೂಟು ತೋರಿಸಿದೆ. “ಮಾಮಾ, ಮದಿವ್ಯಾಗ ಬೂಟ್ ಹಾಕ್ಕೊಂಡ್ರ ಮಂದಿ ನಗ್ತಾರ್ರೀ” ಎಂದ. ನಗಲಿ ಎಂದೆ. ಅಣ್ಣನೇ ಬಗ್ಗಿ ಕುಳಿತು ಲಾಡಿ ಬಿಗಿದ. ಮೋಜಡಿಗಳನ್ನು ಚೀಲದಲ್ಲಿಟ್ಟುಕೊಂಡು ತಂಗಿ ಹಿಂದೆ ಬಂದಳು. ಮಂಟಪದ ಬಾಗಿಲಲ್ಲಿ, ಎರಡು ಕಾಲನ್ನೂ ರಿಕಾಬಿನಿಂದ ಬಿಡಿಸಿಕೊಂಡು ಅವನು ಇಳಿದ ಮೇಲೆ, ಕಾಲಿಗೆ ತೊಡಿಸಿದೆವು.